ಓದುತ್ತಾನೆಂದು ಹೊರಗೆ ಕಳಿಸಿದ ಹುಡುಗ

ಕಾಲೇಜಿನ ಲೈಬ್ರರಿಯಿಂದ ನಾನು ಅನೇಕರನ್ನು ಹೊರಗೆ ಕಳಿಸಿದ್ದೇನೆ. ಹರಟೆ ಹೊಡೆದವರನ್ನು, ಕರಿದ ಬನ್ಸ್ ತಿಂದು ಎಣ್ಣೆ ಕೈಯಲ್ಲಿ ಪುಟ ತಿರುಗಿಸಿದವರನ್ನು, ಹಿಂದಿನ ಕಪಾಟುಗಳ ಸಂದಿಯಲ್ಲಿ ಕೈ ಕೈ ಹಿಡಿದು ನಿಂತವರನ್ನು. ಯಾರ ಬಗ್ಗೆಯೂ ನನಗೆ ಒಂದಿಷ್ಟೂ ಮರುಕವಿಲ್ಲ. ಆದರೆ ಓದುತ್ತಾನೆ ಎಂಬ ಕಾರಣಕ್ಕೆ ಹೊರಗೆ ಕಳಿಸಿದ್ದು ಒಬ್ಬನನ್ನು ಮಾತ್ರ. ಅವನ ಹೆಸರು ವಿದ್ಯಾಧೀಶ.

ನಮ್ಮದು ಕಟಪಾಡಿಯಿಂದ ಶಂಕರಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಕಾಲೇಜು. ಮಣಿಪಾಲದಲ್ಲಿ ಸೀಟು ಸಿಗದವರು, ಸಿಕ್ಕಿದರೂ ಫೀಸು ಕಟ್ಟಲಾಗದವರು ನಮ್ಮಲ್ಲಿಗೆ ಬರುತ್ತಾರೆ. ನಾನು ಇಲ್ಲಿಯ ಗ್ರಂಥಪಾಲಕಿ ಮೇಬಲ್. ಮಕ್ಕಳು ನನ್ನ ಬೆನ್ನ ಹಿಂದೆ ‘ಶ್ ಮೇಡಂ’ ಎನ್ನುತ್ತಾರೆ. ಅದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ.

ವಿದ್ಯಾಧೀಶ ಬಿಕಾಂ ಮೊದಲ ವರ್ಷಕ್ಕೆ ಸೇರಿದ ವಾರ ಲೈಬ್ರರಿಯ ಮೂಲೆಯಿಂದ ಒಂದು ಗುಂಯ್‌ಗುಟ್ಟುವ ಸದ್ದು ಬರತೊಡಗಿತು. ಫ್ಯಾನು ಹಾಳಾಗಿದೆ ಎಂದುಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವನು ಬಂದು ನೋಡಿ, ಫ್ಯಾನಿನ ಕೆಳಗೆ ಕುಳಿತಿದ್ದ ಹುಡುಗನನ್ನು ತೋರಿಸಿ ನಕ್ಕು ಹೋದ. ಬಿಳಿ ಅಂಗಿ, ಕತ್ತಿನವರೆಗೆ ಗುಂಡಿ, ಹಿಂದೆ ಸಣ್ಣ ಜುಟ್ಟು. ಕಣ್ಣು ಮುಚ್ಚಿ, ಸ್ವಲ್ಪ ಮುಂದೆ ಹಿಂದೆ ತೂಗುತ್ತಾ ಅರ್ಥಶಾಸ್ತ್ರದ ಪಠ್ಯಪುಸ್ತಕವನ್ನು ಇಂಗ್ಲಿಷಿನಲ್ಲಿ ಪಠಿಸುತ್ತಿದ್ದ. ಮೆಲ್ಲಗೆ ಓದು ಎಂದೆ. ಮೆಲ್ಲಗೆ ಓದಿದರೆ ತಲೆಗೆ ಹೋಗುವುದಿಲ್ಲ ಎಂದು ವಿನಯದಿಂದಲೇ ಹೇಳಿದ. ಹಾಗಾದರೆ ಹಿಂದಿನ ಜಗಲಿಗೆ ಹೋಗು ಎಂದೆ. ಆಮೇಲೆ ಆ ಜಗಲಿಯೇ ಅವನ ಖಾಯಂ ಜಾಗವಾಯಿತು. ನನ್ನ ಮೇಜಿನ ಪಕ್ಕದ ಕಿಟಕಿ ಅಲ್ಲಿಗೇ ತೆರೆಯುವುದರಿಂದ ಅವನನ್ನು ಹೊರಗೆ ಕಳಿಸಿಯೂ ನನ್ನ ಕಿವಿಗೆ ಬಿಡುಗಡೆ ಸಿಗಲಿಲ್ಲ.

ಅವನ ಕತೆ ನನಗೆ ತಿಳಿದದ್ದು ಚೂರು ಚೂರಾಗಿ. ತಂದೆ ಯಜ್ಞನಾರಾಯಣ ಭಟ್ಟರು ಕಾಪುವಿನಿಂದ ಒಳಗಿನ ಒಂದು ಚಿಕ್ಕ ದೇವಸ್ಥಾನದ ಅರ್ಚಕರು. ತಾಯಿ ರಮಾಮಣಿಗೆ ಕಾರ್ಕಳ ತವರು. ಉಪನಯನವಾದ ವರ್ಷವೇ ಹುಡುಗನನ್ನು ಉಡುಪಿಯ ಒಂದು ವೇದಪಾಠಶಾಲೆಗೆ ಸೇರಿಸಿದ್ದರು. ಅಲ್ಲಿ ಗುರುಗಳು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಸಲ ಹೇಳಬೇಕು. ಪುಸ್ತಕ ಇಲ್ಲ, ಬರೆಯುವುದಿಲ್ಲ, ಎಲ್ಲವೂ ಕಿವಿಯಿಂದ ಬಾಯಿಗೆ. ನಡುವೆ ತಡವರಿಸಿದರೆ ಆ ಭಾಗವನ್ನು ಮೊದಲಿನಿಂದ ಹೇಳಬೇಕು. ಒಂದು ಅಕ್ಷರ ಬದಲಾದರೂ, ಸ್ವರ ಒಂದಿಷ್ಟು ಏರಿಳಿದರೂ ಅದು ದೋಷ. ನಾನು ಇದನ್ನು ಹೀಯಾಳಿಸುವವಳಲ್ಲ. ಉದ್ಯಾವರದ ಇಗರ್ಜಿಯಲ್ಲಿ ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಹೀಗೆಯೇ ಗಿಳಿಪಾಠ ಮಾಡಿದವಳು ನಾನು. ಅಷ್ಟಕ್ಕೂ ಅವರಲ್ಲಿ ಮೊದಲು ಶಬ್ದ ಗಟ್ಟಿಯಾಗಬೇಕು, ಅರ್ಥ ಆಮೇಲೆ ಮೇಲಿನ ತರಗತಿಯಲ್ಲಿ ಎಂಬ ಕ್ರಮವೇ ಇದೆ. ವಿದ್ಯಾಧೀಶ ಆ ಮೇಲಿನ ತರಗತಿ ತಲುಪುವ ಮೊದಲೇ ಹೊರಬಂದ.

ಹೊರಬಂದದ್ದಕ್ಕೆ ಕಾರಣವಿತ್ತು. ಕಾರ್ಕಳದಲ್ಲಿ ಅಮ್ಮನ ಕಡೆಯವರ ಒಂದು ಗೃಹಪ್ರವೇಶಕ್ಕೆ ತಂದೆಯ ಜೊತೆ ಹೋಗಿದ್ದ. ಮನೆಯ ಚಿಕ್ಕ ಹುಡುಗಿ ಮಾನ್ಯಾ ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡು, ಈಗ ಹೇಳಿದ್ದರ ಅರ್ಥ ಎಂತ ಎಂದು ಕೇಳಿದಳು. ಇವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಾಗ ಅವಳು ನಗಲಿಲ್ಲ, ಸುಮ್ಮನೆ ಎದ್ದು ಆಡಲು ಹೋದಳು. ಇಷ್ಟು ವರ್ಷ ಗಂಟಲು ಹರಿದುಕೊಂಡು ಕಲಿತದ್ದರಲ್ಲಿ ತನಗೆ ತಿಳಿದದ್ದು ಏನೂ ಇಲ್ಲವಲ್ಲ ಎಂಬ ಅವಮಾನ ಅವನನ್ನು ಬಿಡಲೇ ಇಲ್ಲ. ಬದುಕಿನಲ್ಲಿ ಒಂದಾದರೂ ವಿಷಯವನ್ನು ಅರ್ಥ ಸಮೇತ ಕಲಿಯಬೇಕು ಎಂದು ಹಟ ಹಿಡಿದ. ಖಾಸಗಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದ, ಕಾಪುವಿನಲ್ಲಿ ಪಿಯುಸಿ ಮುಗಿಸಿದ. ಹಳೆಯ ಪ್ರಶ್ನೆಗಳೇ ತಿರುತಿರುಗಿ ಬರುವ ಪರೀಕ್ಷೆಗಳವು. ಉತ್ತರಗಳನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕ ತೆಗೆದ. ಅದೇ ಅವನಿಗೆ ಮುಳುವಾಯಿತು.

ಡಿಗ್ರಿಗೆ ಸೇರುತ್ತೇನೆ ಎಂದಾಗ ಭಟ್ಟರು ಬೇಡ ಎನ್ನಲಿಲ್ಲ. ಪಾಠಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಒಬ್ಬರು ಬೇಕಾಗಿದ್ದರು, ಗುರುಗಳು ಆ ಜಾಗವನ್ನು ಇವನಿಗೆಂದೇ ಮುಂದಿನ ಶ್ರಾವಣದ ಉಪಾಕರ್ಮದವರೆಗೆ ಕಾದಿರಿಸಿದ್ದರು. ಹೊಸ ಮಕ್ಕಳ ಪಾಠ ಆಗಲೇ ಶುರುವಾಗುವುದು. ಅಷ್ಟರೊಳಗೆ ಮೊದಲ ವರ್ಷದ ಎಲ್ಲ ಪತ್ರಿಕೆ ಪಾಸಾದರೆ ಕಾಲೇಜು, ಇಲ್ಲದಿದ್ದರೆ ಪಾಠಶಾಲೆ ಎಂದು ತಂದೆ ಮಗನಲ್ಲಿ ಮಾತಾಯಿತು. ಊಟ, ವಸತಿ, ಮರ್ಯಾದೆ ಎಲ್ಲ ಇರುವ ಕೆಲಸ ಅದು. ಯಾರಾದರೂ ಸಂತೋಷದಿಂದ ಹೋಗುತ್ತಿದ್ದರು. ಇವನಿಗೆ ಮಾತ್ರ, ತನಗೇ ಅರ್ಥ ತಿಳಿಯದ್ದನ್ನು ಬದುಕಿಡೀ ಇನ್ನೊಬ್ಬರ ಬಾಯಿಗೆ ಹಾಕುವುದು ಎಂದರೆ ಹೆದರಿಕೆ.

ಹೀಗೆ ಅರ್ಥ ಹುಡುಕಿಕೊಂಡು ಕಾಲೇಜಿಗೆ ಬಂದವನು ಇಲ್ಲಿ ಮಾಡಿದ್ದೇನು? ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಕಂಠಪಾಠ ಮಾಡತೊಡಗಿದ. ಓದುವುದಕ್ಕೆ ಬೇರೆ ದಾರಿ ಉಂಟು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ದಿನಕ್ಕೆ ಅವನಷ್ಟು ಹೊತ್ತು ಓದುವವರನ್ನು ನಾನು ನಮ್ಮ ಕಾಲೇಜಿನಲ್ಲಿ ನೋಡಿಲ್ಲ.

ಮೊದಲ ಆಂತರಿಕ ಪರೀಕ್ಷೆ ಮುಗಿದಾಗ ಅರ್ಥಶಾಸ್ತ್ರದ ದೇವದಾಸ ಅವನ ಉತ್ತರಪತ್ರಿಕೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ದೇವದಾಸ ದಿನವೂ ಕಾರ್ಕಳದಿಂದ ಬೈಕಿನಲ್ಲಿ ಬರುವವರು, ಅಷ್ಟು ದೂರ ಬಂದ ಮೇಲೆ ಯಾರೊಡನೆಯಾದರೂ ಮಾತಾಡದಿದ್ದರೆ ಅವರಿಗೆ ಪಾಠ ಮಾಡಲಾಗುವುದಿಲ್ಲ. ಹುಡುಗ ಪುಸ್ತಕದ ವಾಕ್ಯಗಳನ್ನು ಅಲ್ಪವಿರಾಮ ಸಮೇತ ಬರೆದಿದ್ದ. ‘ಮುಂದಿನ ಪುಟದ ಚಿತ್ರವನ್ನು ನೋಡಿರಿ’ ಎಂಬುದನ್ನೂ ಬಿಟ್ಟಿರಲಿಲ್ಲ. ಮುಂದಿನ ಪುಟ ಖಾಲಿ ಇತ್ತು. ನಕಲು ಹೊಡೆದಿದ್ದಾನೆ ಎಂದು ದೇವದಾಸರಿಗೆ ಅನುಮಾನ. ನಾನು ಕಿಟಕಿ ತೆರೆದು, ಕೇಳಿ ಎಂದೆ. ಅವರು ಅಲ್ಲೇ ನಿಂತು ಒಂದು ಇಡೀ ಅಧ್ಯಾಯ ಕೇಳಿ, ಮಾತಿಲ್ಲದೆ ಹೋದರು.

ಮೊದಲ ಸೆಮಿಸ್ಟರಿನ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅವನು ಸಂಸ್ಕೃತವೊಂದನ್ನು ಬಿಟ್ಟು ಉಳಿದ ನಾಲ್ಕರಲ್ಲೂ ಫೇಲಾದ. ಕಾರಣ ಕೇಳಿದರೆ ಯಾರೂ ನಂಬಲಿಕ್ಕಿಲ್ಲ. ಅಧ್ಯಾಯದ ಮಧ್ಯದಿಂದ ಒಂದು ಪ್ರಶ್ನೆ ಬಂದರೆ ಅವನಿಗೆ ಮಧ್ಯಕ್ಕೆ ನೇರವಾಗಿ ಹೋಗಲು ಬರುತ್ತಿರಲಿಲ್ಲ. ಅಧ್ಯಾಯದ ಮೊದಲ ಸಾಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು, ಆ ಜಾಗ ಸಿಕ್ಕಿದಾಗ ಬರೆಯಬೇಕು. ಹಾಗೆ ಬರುತ್ತಿರುವಾಗ ಮೇಲ್ವಿಚಾರಕಿ ಸಹಿ ಹಾಕಲೆಂದು ಉತ್ತರಪತ್ರಿಕೆ ಕೇಳಿದರು. ಸರ ಕಡಿಯಿತು. ಪಾಠಶಾಲೆಯ ಹುಡುಗ, ಮತ್ತೆ ಮೊದಲಿನಿಂದ ಶುರು ಮಾಡಿದ. ಬಾಯಿ ಅಲ್ಲಾಡುತ್ತದೆ ಎಂದು ಅವನನ್ನು ಎಬ್ಬಿಸಿ ಮೂಲೆಯ ಬೆಂಚಿಗೆ ಹಾಕಿದರು. ಅಲ್ಲಿ ಹೋಗಿ ಮತ್ತೊಮ್ಮೆ ಮೊದಲಿನಿಂದ. ಗಂಟೆ ಹೊಡೆದಾಗ ಎರಡು ಪ್ರಶ್ನೆ ಮುಗಿದಿದ್ದವು.

ಫಲಿತಾಂಶ ನೋಡಿ ಭಟ್ಟರು ಬಯ್ಯಲಿಲ್ಲವಂತೆ. ಎಂತ ಆಯಿತು ಎಂದು ಕೇಳಿದರಂತೆ. ನನಗೆ ತಲೆ ಇಲ್ಲ ಎಂದು ಇವನು ಹೇಳಿದನಂತೆ. ತಂದೆ ಪೂಜೆಗೆ ಹೋದರು. ಬಾಕಿ ಉಳಿದ ನಾಲ್ಕು ಪತ್ರಿಕೆಗಳನ್ನು ಬೇಸಗೆ ಕಳೆದ ಮೇಲೆ, ಎರಡನೆಯ ಸೆಮಿಸ್ಟರಿನ ಜೊತೆ ಮತ್ತೆ ಬರೆಯಬಹುದಿತ್ತು. ಇವನಿಗಿದ್ದದ್ದು ಅದೊಂದೇ ಅವಕಾಶ.

ಆಮೇಲೆ ಅವನು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ. ಮೊದಲು ಇನ್ನಷ್ಟು ಬೇಗ ಏಳತೊಡಗಿದ, ಇನ್ನಷ್ಟು ಗಟ್ಟಿಯಾಗಿ ಓದತೊಡಗಿದ. ಮುಖ್ಯವಾದ ಸಾಲುಗಳಿಗೆ ಬಣ್ಣ ಹಾಕಿಕೊಂಡು ಓದು ಎಂದು ಯಾರೋ ಹೇಳಿದರು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಆರಿಸುವುದು ಅವನ ಪಾಲಿಗೆ ಅಪಚಾರ. ಇಡೀ ಪುಸ್ತಕವನ್ನು ಹಳದಿ ಮಾಡಿ ತಂದ, ಅದೂ ಲೈಬ್ರರಿಯ ಪುಸ್ತಕ. ಅವತ್ತು ನಾನು ಅವನಿಗೆ ಬೈದದ್ದು ಪ್ರಿನ್ಸಿಪಾಲರ ಕೋಣೆಯವರೆಗೂ ಕೇಳಿಸಿತಂತೆ.

ಅದೇ ತಿಂಗಳು ಫೇಲಾದ ಮಕ್ಕಳಿಗೆಂದು ಕಾಲೇಜಿನಲ್ಲಿ ಒಂದು ಕಾರ್ಯಾಗಾರ ಇಟ್ಟರು. ಮಣಿಪಾಲದಿಂದ ಕಾರ್ಲ್ಟನ್ ಎಂಬ ಚುರುಕಾದ ತರಬೇತುದಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಓದುವುದಕ್ಕೆ ಐದು ಮೆಟ್ಟಿಲು ಎಂದ. ಪಾಠದ ಮೇಲೆ ಮೊದಲು ಒಮ್ಮೆ ಕಣ್ಣಾಡಿಸಿ, ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ, ಉತ್ತರ ಹುಡುಕಿಕೊಂಡು ಓದಿ, ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಹೇಳಿ, ನಾಲ್ಕು ದಿನ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಿ. ಒಳ್ಳೆಯ ಮಾತುಗಳೇ. ಕೊನೆಗೆ, ಇದನ್ನೆಲ್ಲ ಯಾರು ಸಂಗ್ರಹವಾಗಿ ಹೇಳುತ್ತೀರಿ ಎಂದು ಕೇಳಿದ. ವಿದ್ಯಾಧೀಶ ಎದ್ದು ನಿಂತ. ಕೈ ಕಟ್ಟಿಕೊಂಡು, ಕಣ್ಣು ಮುಚ್ಚಿ, ಕಾರ್ಲ್ಟನ್‌ನ ಭಾಷಣವನ್ನು ಆರಂಭದ ‘ಮೈಕ್ ಕೇಳಿಸ್ತದಾ’ ಎಂಬಲ್ಲಿಂದ ಹಿಡಿದು ಒಪ್ಪಿಸಿದ. ನಡುವೆ ಎರಡು ಜೋಕುಗಳಿದ್ದವು, ಅವೂ ಬಂದವು. ಕಾರ್ಲ್ಟನ್ ಚಪ್ಪಾಳೆ ತಟ್ಟಿ, ಇಂಥ ಶಿಬಿರಾರ್ಥಿಯನ್ನು ನೋಡಿಯೇ ಇಲ್ಲ ಎಂದ. ನಿಮ್ಮ ಮಾತಿನಲ್ಲಿ ಹೇಳಿ ಎಂಬ ನಾಲ್ಕನೆಯ ಮೆಟ್ಟಿಲನ್ನೂ ಹುಡುಗ ಕಾರ್ಲ್ಟನ್‌ನ ಮಾತಿನಲ್ಲೇ ಹೇಳಿದ್ದನ್ನು ಅವನು ಗಮನಿಸಲಿಲ್ಲ.

ಗಮನಿಸಿದ್ದು ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗಿ. ಅವಳು ಜೋರಾಗಿ ನಕ್ಕಳು. ಶಶಿಕಲಾ ಎಂದು ಹೆಸರು. ತಂದೆ ಕರಿಬಸವ, ತಾಯಿ ಮರೆಮ್ಮ ಯಾದಗಿರಿ ಕಡೆಯಿಂದ ಬಂದು ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುವವರು. ಶಶಿಕಲಾ ಸಂಜೆ ಒಂದು ಹಾಸ್ಟೆಲ್ ಮೆಸ್‌ನಲ್ಲಿ ಚಪಾತಿ ಲಟ್ಟಿಸಲು ಹೋಗಬೇಕಾಗಿದ್ದರಿಂದ ಕೊನೆಯ ತರಗತಿ ಅವಳಿಗೆ ದಿನವೂ ತಪ್ಪುತ್ತಿತ್ತು. ಕೊನೆಯ ತರಗತಿ ಹೆಚ್ಚಾಗಿ ದೇವದಾಸರ ಅರ್ಥಶಾಸ್ತ್ರ, ಇಲ್ಲವೇ ವ್ಯವಹಾರದ ಪಾಠ. ಅವಳೂ ಒಂದು ವಿಷಯದಲ್ಲಿ ಫೇಲಾಗಿದ್ದಳು. ಇವನ ನೆನಪಿನ ಶಕ್ತಿ ನೋಡಿ, ತಪ್ಪಿಹೋದ ಪಾಠಕ್ಕೆ ಇವನೇ ತಕ್ಕವನು ಎಂದು ತೀರ್ಮಾನಿಸಿ ಮರುದಿನ ಬೆಳಿಗ್ಗೆ ಜಗಲಿಗೆ ಬಂದಳು.

ನಿನ್ನೆ ಕೊನೆಯ ತಾಸಿನಲ್ಲಿ ಸರ್ ಏನು ಹೇಳಿದರು ಎಂದು ಅವಳು ಕೇಳಿದ್ದು, ಇವನು ಖುಷಿಯಿಂದ ಶುರು ಮಾಡಿದ್ದು ನನಗೆ ಕಿಟಕಿಯಿಂದ ಕೇಳಿಸಿತು. ದೇವದಾಸರ ಪಾಠ ಹಾಗೆಯೇ ಬರುತ್ತಿತ್ತು, ಅವರ ಕೆಮ್ಮು ಒಂದು ಇರಲಿಲ್ಲ. ಒಂದು ಕಡೆ ಅವಳು ತಡೆದು, ಅಂದರೆ ಏನು ಎಂದಳು. ಇವನು ನಿಲ್ಲಿಸಿ, ಮೊದಲಿನಿಂದ ಹೇಳತೊಡಗಿದ. ಅದೇ ಜಾಗದಲ್ಲಿ ಅವಳು ಮತ್ತೆ ತಡೆದಳು. ಇವನು ಮತ್ತೆ ಮೊದಲಿನಿಂದ. ಮೂರನೆಯ ಸಲ ಅವಳು ಕೈ ಅಡ್ಡ ಹಿಡಿದಳು.

“ಭಟ್ರ, ನೀ ಹೇಳೋದು ಬುಕ್ಕಿನಾಗೂ ಐತಿ. ನಂಗ ಬುಕ್ ಬ್ಯಾಡ. ನಿಂಗ ಏನ್ ತಿಳೀತು, ಅಷ್ಟು ಹೇಳು ಸಾಕು.”

ನಾನು ರಿಜಿಸ್ಟರಿನಿಂದ ತಲೆ ಎತ್ತಿ ನೋಡಿದೆ. ಅವನ ಕಿವಿ ಕೆಂಪಾಗಿತ್ತು.

“ನನಗೆ ಎಂತದೂ ತಿಳಿಯಲಿಲ್ಲ,” ಎಂದ.

ಅವಳಿಗೆ ಬಸ್ಸು, ಮೆಸ್ಸು, ತರಗತಿ ಎಂದು ನೂರು ಗಡಿಬಿಡಿ. ಸರಿ ಬಿಡು ಎಂದು ಎದ್ದು ಹೋದಳು. ಇವನು ಚೀಲ ತೆಗೆದುಕೊಂಡು ಗೇಟಿನ ಕಡೆಗೆ ನಡೆದವನು ಒಂದು ವಾರ ಕಾಲೇಜಿಗೇ ಬರಲಿಲ್ಲ. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು, ಇನ್ನು ಇವನು ಪಾಠಶಾಲೆಗೇ ಹೋದ ಎಂದುಕೊಂಡೆ. ಗುಂಯ್ ಸದ್ದಿಲ್ಲದೆ ಲೈಬ್ರರಿ ಬಿಕೋ ಎನ್ನುತ್ತಿತ್ತು ಎಂದರೆ ನೀವು ನಂಬಬೇಕು.

ಅವನು ಮರಳಿ ಬಂದದ್ದು ಒಂದು ಸೋಮವಾರ. ಶಶಿಕಲಾ ಬರುವ ಬಸ್ಸಿನ ಹೊತ್ತಿಗೆ ಜಗಲಿಯಲ್ಲಿ ಕುಳಿತಿದ್ದ. ಅವಳು ಬಂದ ಕೂಡಲೇ ಪುಸ್ತಕವನ್ನು ಮುಚ್ಚಿ ಅವಳ ಕೈಗೆ ಕೊಟ್ಟು, ಎಲ್ಲಿಂದ ಬೇಕಾದರೂ ಕೇಳು ಎಂದ. ಕಾರ್ಕಳದಲ್ಲಿ ಆ ಮಗುವಿಗೆ ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಟ್ಟೆ ಎಂಬುದು ಅವನನ್ನು ವಾರವಿಡೀ ಸುಟ್ಟಿತ್ತು ಎಂದು ನನಗೆ ಆಮೇಲೆ ಹೇಳಿದ.

ಶಶಿಕಲಾಳ ಪಾಠಕ್ರಮದಲ್ಲಿ ದಯೆ ದಾಕ್ಷಿಣ್ಯ ಏನೂ ಇರಲಿಲ್ಲ. ಪುಸ್ತಕದ ಇಂಗ್ಲಿಷ್ ವಾಕ್ಯ ಒಂದೂ ಬರಬಾರದು. ಮಧ್ಯದಿಂದ ಕೇಳುವುದು, ಕೊನೆಯಿಂದ ಕೇಳುವುದು. ಅವಳ ಅಮ್ಮ ಮರೆಮ್ಮನಿಗೆ ಹೇಳುವ ಹಾಗೆ ಹೇಳಬೇಕು. ಅವಳಿಗೆ ತಿಳಿದರೆ ಮುಂದಕ್ಕೆ, ಇಲ್ಲದಿದ್ದರೆ ಪುಸ್ತಕ ತೆರೆದು ಅಷ್ಟನ್ನೇ ಓದಿ, ಮುಚ್ಚಿ, ಮತ್ತೆ ಹೇಳಬೇಕು. ಮೊದಲ ತರಗತಿಯ ಗಂಟೆ ಹೊಡೆದರೆ ಅರ್ಧದಲ್ಲೇ ಬಿಟ್ಟು ಏಳುತ್ತಿದ್ದಳು. ಅರ್ಧದಲ್ಲಿ ಬಿಟ್ಟದ್ದನ್ನು ಮರುದಿನ ಅಲ್ಲಿಂದಲೇ ಶುರು ಮಾಡಬೇಕು. ಇವನಿಗೆ ಅದು ಎಷ್ಟು ಕಷ್ಟವಾಗುತ್ತಿತ್ತೆಂದರೆ ಮೊದಮೊದಲು ಚಳಿಜ್ವರ ಬಂದವನ ಹಾಗೆ ಬೆವರುತ್ತಿದ್ದ. ಎಂಟು ವರ್ಷದ ಅಭ್ಯಾಸ ಎಂಟು ದಿನದಲ್ಲಿ ಹೋಗುತ್ತದೆಯೇ.

ಬೇಡಿಕೆಯ ಪಾಠ ಅವನಿಗೆ ತೆರೆದದ್ದು ಮಲ್ಲಿಗೆಯಿಂದ. ದೇವದಾಸರು ತರಗತಿಯಲ್ಲಿ ಯಾವಾಗಲೂ ಮಲ್ಪೆಯ ಮೀನಿನ ಏಲಂ ಉದಾಹರಣೆ ಕೊಡುತ್ತಾರೆ. ಬಂಗುಡೆ ಮೀನಿಗೂ ಅಂಜಲ್ ಮೀನಿಗೂ ವ್ಯತ್ಯಾಸ ತಿಳಿಯದ ಇವನಿಗೆ ಅದು ಎಲ್ಲಿಂದ ತಲೆಗೆ ಹತ್ತಬೇಕು? ಆದರೆ ಶಂಕರಪುರ ಮಲ್ಲಿಗೆಯ ದರ ಇವತ್ತು ಒಂದು, ನಾಳೆ ಒಂದು ಎಂಬುದು ಅರ್ಚಕರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯ ದಿನಗಳಲ್ಲಿ ಎಷ್ಟು ದುಬಾರಿಯಾದರೂ ಜನ ಕೊಳ್ಳುತ್ತಾರೆ ಎಂದು ಇವನು ಹೇಳಿದ. ಹಾಗಾದರೆ ಸೇವಂತಿಗೆ ಯಾಕೆ ಮುಡಿಯಬಾರದು ಎಂದು ಅವಳು ಕೇಳಿದಳು. ಇವನು ಎರಡು ದಿನ ಅದನ್ನೇ ತಲೆಯಲ್ಲಿ ಹಾಕಿಕೊಂಡು ತಿರುಗಿದ. ಮೂರನೆಯ ದಿನ ಅವಳು ಮೆಟ್ಟಿಲು ಹತ್ತುವ ಮೊದಲೇ, ಇಲ್ಲಿಯವರ ಮನಸ್ಸಿನಲ್ಲಿ ಮದುಮಗಳಿಗೆ ಮಲ್ಲಿಗೆಯ ಬದಲು ಇನ್ನೊಂದು ಹೂವಿಲ್ಲ, ಬದಲಿ ಇಲ್ಲದ ವಸ್ತುವಿನ ಬೆಲೆ ಏರಿದರೂ ಬೇಡಿಕೆ ಕುಗ್ಗುವುದಿಲ್ಲ, ದಿನದ ಪೂಜೆಗಾದರೆ ತನ್ನ ಅಪ್ಪ ಅಂಥ ದಿನ ದಾಸವಾಳ ತರುತ್ತಾರೆ, ಮದುವೆಗೂ ಪೂಜೆಗೂ ಅದೇ ಮಲ್ಲಿಗೆ, ಆದರೆ ಬೇಡಿಕೆ ಬೇರೆ ಎಂದು ಒಂದೇ ಉಸಿರಿಗೆ ಹೇಳಿದ. ಅದು ಪುಸ್ತಕದಲ್ಲಿ ಇರಲಿಲ್ಲ. ಅವನ ಮುಖ ನೋಡಿ ನನಗೆ ಎದ್ದು ಹೋಗಿ ಒಂದು ಚಾಕಲೇಟ್ ಕೊಡಬೇಕು ಎನಿಸಿತು. ಕೊಡಲಿಲ್ಲ, ಲೈಬ್ರರಿಯ ಶಿಸ್ತು.

ಇಷ್ಟಾದರೂ ಒಂದು ಭಯ ಉಳಿದಿತ್ತು. ಹೇಳುವುದು ಸರಿ, ಪರೀಕ್ಷೆಯಲ್ಲಿ ಪುಸ್ತಕದ ಮಾತನ್ನು ಬದಲಾಯಿಸಿ ಬರೆಯುವುದು ಹೇಗೆ? ಒಂದು ದಿನ ನನ್ನ ಮೇಜಿನ ಮುಂದೆ ನಿಂತು, ಹಾಗೆ ಬರೆದರೆ ದೋಷವಾಗುವುದಿಲ್ವಾ ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಹೆದರಿದ್ದ.

“ಇದು ಬರೆದವನು ಮನುಷ್ಯ ಮಾರಾಯ,” ಎಂದೆ. “ಅವನೇ ಎರಡು ವರ್ಷಕ್ಕೊಮ್ಮೆ ಮಾತು ಬದಲಾಯಿಸಿ ಹೊಸ ಪುಸ್ತಕ ಅಂತ ಮಾರುತ್ತಾನೆ.”

ಒಳಗಿನಿಂದ ಅದೇ ಪುಸ್ತಕದ ಹಳೆಯ ಆವೃತ್ತಿಯನ್ನೂ, ಬೇರೊಬ್ಬರು ಬರೆದ ಇನ್ನೊಂದನ್ನೂ ತಂದು ಅವನ ಮುಂದೆ ಒಂದೇ ಪಾಠಕ್ಕೆ ತೆರೆದಿಟ್ಟೆ. ಮೂರರಲ್ಲೂ ಒಂದೇ ನಿಯಮ, ಮೂರರಲ್ಲೂ ಬೇರೆ ಬೇರೆ ವಾಕ್ಯ. ಅವನು ಅವತ್ತು ಮಧ್ಯಾಹ್ನದ ಊಟ ಬಿಟ್ಟು ಅವನ್ನು ನೋಡುತ್ತಾ ಕುಳಿತ. ಮಾತು ಬದಲಾದರೂ ಬದಲಾಗದೆ ಉಳಿಯುವುದು ಯಾವುದೋ ಅದೇ ಅರ್ಥ ಅಲ್ವಾ ಮೇಡಂ ಎಂದು ಹೋಗುವಾಗ ಕೇಳಿದ. ಹೌದು ಎಂದೆ. ಇಷ್ಟು ವರ್ಷ ಈ ಕಪಾಟುಗಳ ನಡುವೆ ಕುಳಿತ ನನಗೂ ಅದನ್ನು ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಅಂದಿನಿಂದ ಅವನು ಒಳಗೆ, ಮೇಜಿನಲ್ಲಿ, ಬಾಯಿ ಮುಚ್ಚಿ ಓದತೊಡಗಿದ.

ಪರೀಕ್ಷೆ ಬಂತು, ಮಳೆಗಾಲವೂ ಬಂತು. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಮಲ್ಲಿಗೆಯ ಬಗ್ಗೆ ಸ್ವಂತ ವಾಕ್ಯ ಬರೆಯುವಾಗ ಅಕ್ಷರ ಕೋಳಿ ಕೆದಕಿದ ಹಾಗೆ ಬಂತು ಎಂದು ಹೇಳಿದ. ಆದರೆ ಎಲ್ಲ ಪ್ರಶ್ನೆಗಳನ್ನೂ ಮುಟ್ಟಿದ್ದ. ಶ್ರಾವಣಕ್ಕೆ ಕೆಲವೇ ದಿನ ಇರುವಾಗ ಫಲಿತಾಂಶ ಮೊಬೈಲಿನಲ್ಲಿ ಬಂತು. ಶಶಿಕಲಾ ಪಾಸಾದಳು. ಇವನು ಎರಡನೆಯ ಸೆಮಿಸ್ಟರಿನ ಎಲ್ಲವನ್ನೂ, ಬಾಕಿ ನಾಲ್ಕರಲ್ಲಿ ಮೂರನ್ನೂ ಪಾಸು ಮಾಡಿದ್ದ. ಸಂಖ್ಯಾಶಾಸ್ತ್ರ ಹೋಗಿತ್ತು. ಅದು ಬೆಳಗಿನ ತರಗತಿ, ಶಶಿಕಲಾ ತಪ್ಪಿಸಿಕೊಳ್ಳುತ್ತಿರಲಿಲ್ಲ, ಆದ್ದರಿಂದ ಅದನ್ನು ಯಾರೂ ಇವನಿಂದ ಕೇಳಿರಲಿಲ್ಲ.

ಎರಡು ದಿನದಲ್ಲಿ ತಂದೆ ಮಗ ಇಬ್ಬರೂ ಲೈಬ್ರರಿಗೆ ಬಂದರು. ನಾನು ಯಜ್ಞನಾರಾಯಣ ಭಟ್ಟರನ್ನು ನೋಡಿದ್ದು ಅದೇ ಮೊದಲು. ತೆಳ್ಳಗಿನ ಮನುಷ್ಯ, ಒದ್ದೆ ಕೊಡೆಯನ್ನು ಹೊರಗೇ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದರು. ಕಾಲೇಜು ಬಿಡಿಸುವುದಾದರೆ ಲೈಬ್ರರಿಯಿಂದ ಬಾಕಿ ಇಲ್ಲ ಎಂಬ ಚೀಟಿ ಬೇಕು. ಬಟ್ಟೆಯ ಚೀಲದಿಂದ ನಾಲ್ಕು ಪುಸ್ತಕ ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ಹುಡುಗ ಹಿಂದೆ ನಿಂತಿದ್ದ, ನೆಲ ನೋಡುತ್ತಿದ್ದ. ಮೊಹರು ಕಣ್ಣೆದುರೇ ಇದ್ದರೂ ಹುಡುಕುವವಳ ಹಾಗೆ ಡ್ರಾಯರ್ ಎಳೆದೆ. ನಾಲ್ಕರಲ್ಲಿ ಮೂರು ಪಾಸಾಗಿದ್ದಾನಲ್ಲ ಭಟ್ಟರೇ ಎಂದು ತುಳುವಿನಲ್ಲಿ ಹೇಳಿದೆ. ಎಲ್ಲವೂ ಎಂದು ಮಾತಾಗಿತ್ತು, ಮಾತಿಗೆ ಬೆಲೆ ಬೇಡವೇ ಎಂದು ಅವರೂ ತುಳುವಿನಲ್ಲೇ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾನು ಮೊಹರು ಹುಡುಕುವಷ್ಟು ಹೊತ್ತು ಅವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಸಂಖ್ಯಾಶಾಸ್ತ್ರದ ಪುಸ್ತಕವನ್ನು ಎತ್ತಿ, ಎ ಬಿ ಸಿ ಡಿ ತಿಳಿಯದವರು ನೋಡುವ ಹಾಗೆ ಪುಟ ತಿರುಗಿಸಿದರು. ಇದರಲ್ಲಿ ಎಂತ ಆಯಿತು ಎಂದು ಮಗನನ್ನು ಕೇಳಿದರು. ಅಲ್ಲಿಂದ ಮುಂದಿನದ್ದೆಲ್ಲ ತುಳುವಿನಲ್ಲೇ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿದ್ಯಾಧೀಶ ಪುಸ್ತಕವನ್ನು ತೆಗೆದುಕೊಂಡು ಮಧ್ಯದಲ್ಲಿ ಒಂದು ಕಡೆ ತೆರೆದ. ಇಲ್ಲಿಯವರೆಗೆ ಗೊತ್ತುಂಟು ಎಂದ. ಏನು ಗೊತ್ತುಂಟು ಎಂದು ತಂದೆ ಕೇಳಿದರು. ಸರಾಸರಿ ಎಂದು ಒಂದುಂಟು, ಎಲ್ಲರ ಆದಾಯ ಕೂಡಿಸಿ ತಲೆ ಲೆಕ್ಕದಲ್ಲಿ ಹಂಚುವುದು ಎಂದು ಇವನು ಶುರು ಮಾಡಿದ. ನಮ್ಮ ಕೇರಿಯಲ್ಲಿ ಮಲ್ಪೆಯ ಒಬ್ಬ ಬೋಟಿನ ಸಾಹುಕಾರ ಬಂದು ಮನೆ ಕಟ್ಟಿದರೆ ಸರಾಸರಿಯಲ್ಲಿ ನಾವೆಲ್ಲ ಶ್ರೀಮಂತರಾಗಿಬಿಡುತ್ತೇವೆ, ನಿಜವಾಗಿ ಯಾರ ಮನೆಯ ಅಕ್ಕಿಯೂ ಹೆಚ್ಚಾಗಿರುವುದಿಲ್ಲ. ಅದಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವನನ್ನು ನೋಡುವ ಇನ್ನೊಂದು ಕ್ರಮ ಉಂಟು. ಭಟ್ಟರು ತಲೆಯಾಡಿಸಿದರು. ಸಾಹುಕಾರನನ್ನು ಸಾಲಿನಿಂದ ತೆಗೆದುಬಿಟ್ಟರೆ ಆಗುವುದಿಲ್ವಾ ಎಂದು ಕೇಳಿದರು. ಅವನೂ ಕೇರಿಯವನೇ, ತೆಗೆಯುವ ಹಾಗಿಲ್ಲ ಎಂದು ಮಗ ಹೇಳಿದ. ತಂದೆಗೆ ಒಂದು ಸಣ್ಣ ನಗು ಬಂತು.

ಇವನು ಪುಟ ತಿರುಗಿಸಿ, ಬೆರಳು ಇಟ್ಟು ತೋರಿಸಿದ.

“ಇಲ್ಲಿಂದ ಗೊತ್ತಿಲ್ಲ. ಒಬ್ಬೊಬ್ಬರು ಸರಾಸರಿಯಿಂದ ಎಷ್ಟು ದೂರ ಇದ್ದಾರೆ ಅಂತ ಅಳೆಯುವುದು. ಆ ದೂರವನ್ನು ಅದರಿಂದಲೇ ಗುಣಿಸಬೇಕು ಅಂತ ಸೂತ್ರ ಉಂಟು. ಯಾಕೆ ಗುಣಿಸಬೇಕು ಅಂತ ನನಗೆ ಗೊತ್ತಿಲ್ಲ. ಇದೊಂದನ್ನು ನಾನು ಬಾಯಿಪಾಠವೇ ಮಾಡಿದ್ದು. ಪರೀಕ್ಷೆಯಲ್ಲಿ ಅಂಕಿಗಳನ್ನು ಬೇರೆ ತರ ಕೊಟ್ಟರು, ಸೂತ್ರ ಕೂತುಕೊಳ್ಳಲಿಲ್ಲ. ದೊಡ್ಡ ಪ್ರಶ್ನೆ ಎರಡೂ ಅಲ್ಲಿಯದ್ದೇ.”

ಭಟ್ಟರು ಬೆರಳಿದ್ದ ಕಡೆಗೆ ಬಾಗಿ ನೋಡಿದರು. ನಾನು ಡ್ರಾಯರ್ ಮುಚ್ಚುವುದನ್ನೇ ಮರೆತಿದ್ದೆ. ಮೂವತ್ತು ವರ್ಷ ಊರಿನ ಹುಡುಗರಿಗೆ ಸಂಧ್ಯಾವಂದನೆಯಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟ ಮನುಷ್ಯ ಅವರು. ಹುಡುಗರು ಸುಳ್ಳು ಹೇಳುವುದು, ಹೆದರಿ ಹೇಳುವುದು, ತಿಳಿದು ಹೇಳುವುದು ಎಲ್ಲ ಅವರ ಕಿವಿಗೆ ತಿಳಿಯದ್ದಲ್ಲ.

“ಮೊನ್ನೆ ಮೊನ್ನೆ ತಲೆಯೇ ಇಲ್ಲ ಅಂದವನು ನೀನು,” ಎಂದರು. “ಈಗ ಎಲ್ಲಿಂದ ಗೊತ್ತಿಲ್ಲ ಅಂತ ಬೆರಳಿಟ್ಟು ತೋರಿಸ್ತಿ. ಹಾಗೆ ತೋರಿಸುವ ಹುಡುಗ ನನಗೆ ಸಿಕ್ಕಿದ್ದು ಕಡಿಮೆ.”

ಮಗ ತಲೆ ಎತ್ತಿದ. ಅವನ ಕಣ್ಣು ತುಂಬಿತ್ತು, ನನ್ನದೂ ಸರಿ ಇರಲಿಲ್ಲ.

ಪಾಠಶಾಲೆಯವರಿಗೆ ಬೇರೆ ಜನ ನೋಡಿಕೊಳ್ಳಲು ತಾನೇ ಹೋಗಿ ಹೇಳುತ್ತೇನೆ ಎಂದರು ಭಟ್ಟರು. ಮೂರು ಪುಸ್ತಕಗಳನ್ನು ನನ್ನ ಕಡೆಗೆ ಸರಿಸಿ, ಸಂಖ್ಯಾಶಾಸ್ತ್ರದ್ದನ್ನು ಮಗನ ಕೈಯಿಂದ ತೆಗೆದು ನನಗೆ ಕೊಟ್ಟು, ಇದನ್ನು ಮತ್ತೆ ಅವನ ಹೆಸರಿಗೆ ಹಾಕಿ ಮೇಡಂ ಎಂದರು. ಹಾಕುತ್ತೇನೆ, ಹದಿನೈದು ದಿನಕ್ಕೆ ಎಂದೆ.

“ಅರ್ಥ ಆಗುವಷ್ಟು ದಿನಕ್ಕೆ ಹಾಕಿ,” ಎಂದರು.

ಅಂಥ ತಾರೀಖು ನನ್ನ ಮೊಹರಿನಲ್ಲಿ ಇಲ್ಲ. ಮುಂದಿನ ಪರೀಕ್ಷೆಯ ತಿಂಗಳನ್ನು ಪೆನ್ನಿನಲ್ಲಿ ಬರೆದು, ಪುಸ್ತಕವನ್ನು ಹುಡುಗನ ಕೈಗೆ ಕೊಟ್ಟೆ.